ಟೊಪ್ಪಿಗೆ ಮಾವನಿಗೆ ಔಡಲೆಣ್ಣೆ

ಇನ್ನು ಮುಂದೆ ಪಡಸಾಲೆಯ ಗಾಜಿನ ಅಲಮಾರಿಗೆ ಇಂಗ್ಲೆಂಡಿನ ಕಾನೂನು ಅನ್ವಯವಾಗುತ್ತದೆ ಎಂದು ಹಣಮೇಶ ಸಾರಿದಾಗ ಅವನ ಕೈಯಲ್ಲಿ ಚಹಾದ ಬಸಿ ಇತ್ತು. ಸಾರುವುದು ಅವನ ಕಸುಬೇ. ಶಹಾಪುರದ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು, ಸುರಪುರದ ಬಸ್ಸು ಎಲ್ಲಿ ನಿಂತಿದೆ, ದೋರನಹಳ್ಳಿಯ ಬಸ್ಸು ಯಾಕೆ ಇನ್ನೂ ಬಂದಿಲ್ಲ ಎಂದು ಊರಿಗೆಲ್ಲ ತಿಳಿಸುವ ಕಂಟ್ರೋಲರ್ ಅವನು. ಆ ದನಿಯನ್ನು ನಿಲ್ದಾಣದಲ್ಲೇ ಬಿಟ್ಟು ಬರಬಾರದೇ ಎಂದು ಹೆಂಡತಿ ಚಂದ್ರಕಲಾ ಎಷ್ಟೋ ಸಲ ಕೇಳಿದ್ದಾಳೆ. ಬಿಟ್ಟು ಬರಲು ಅದೇನು ಕೊಡೆಯೇ? ಬಾಯಿಯ ಜೊತೆ ಮನೆಗೆ ಬಂದೇ ಬರುತ್ತದೆ.

"ಒಂದು, ಕೈ ತೊಳಕೊಳ್ಳಾರದ ಯಾರೂ ಅಲಮಾರಿ ಹತ್ರ ಬರಬಾರದು. ಎರಡು, ತೊಳಕೊಂಡ ಕೈ ಒರಸಿಕೊಂಡ ಬರಬೇಕು. ಮೂರು, ನೋಡೂದಿದ್ರ ಒಂದು ಮಾರು ದೂರ ನಿಂತು ನೋಡಬೇಕು. ಮುಟ್ಟಾಂವ ನಾ ಒಬ್ಬನ."

"ಮತ್ತ ಧೂಳ ಯಾರು ಹೊಡೀಬೇಕ್ರಿ?" ಎಂದಳು ಚಂದ್ರಕಲಾ.

ಹಣಮೇಶ ಬಸಿಯಲ್ಲಿದ್ದ ಚಹಾ ಸೊರ್ ಎಂದು ಹೀರಿದ. ಇಂಗ್ಲೆಂಡಿನ ಕಾನೂನಿನಲ್ಲಿ ಧೂಳಿನ ಮಾತು ಬಂದಿರಲಿಲ್ಲ.

"ಅದು ನೀನ ಹೊಡೀಬೇಕು. ಕೈ ತೊಳಕೊಂಡು."

ಆ ಅಲಮಾರಿಯಲ್ಲಿ ಇದ್ದದ್ದು ಆರು ಪುಸ್ತಕ. ಆರೂ ಒಬ್ಬನೇ ಇಂಗ್ಲಿಷ್ ಕಾದಂಬರಿಕಾರನವು. ನಮ್ಮಲ್ಲಿ ನಿಜಾಮರ ರಾಜ್ಯ ಮುಗಿದ ಆಸುಪಾಸಿನಲ್ಲಿ ಅತ್ತ ಲಂಡನ್ನಿನಲ್ಲಿ ಅಚ್ಚಾದವು. ಎಲ್ಲವೂ ಮೊದಲ ಮುದ್ರಣ. ಅಂದರೆ ಆ ಕಾದಂಬರಿ ಲೋಕದಲ್ಲಿ ಮೊಟ್ಟಮೊದಲು ಕಣ್ಣು ಬಿಟ್ಟಾಗಿನ ಪ್ರತಿ. ಎರಡನೆಯ ಸಲ ಅಚ್ಚಾದದ್ದರಲ್ಲೂ ಅದೇ ಕಥೆ, ಅದೇ ಅಕ್ಷರ. ಆದರೂ ಸಂಗ್ರಹ ಮಾಡುವವರು ಅದರತ್ತ ಕತ್ತು ತಿರುಗಿಸಿ ನೋಡುವುದಿಲ್ಲವಂತೆ. ಮೊದಲ ಮುದ್ರಣವಾದರೂ ಸಾಲದು, ಮೇಲಿನ ಕಾಗದದ ಹೊದಿಕೆ ಹರಿಯದೆ, ಕಲೆಯಾಗದೆ ಉಳಿದಿರಬೇಕು. ಹೊದಿಕೆ ಇಲ್ಲದ ಪುಸ್ತಕ ಅವರ ಕಣ್ಣಿಗೆ ರುಮಾಲಿಲ್ಲದ ಮದುಮಗ.

ಈ ಹುಚ್ಚು ಅವನಿಗೆ ಹತ್ತಿದ್ದು ರದ್ದಿ ಅಂಗಡಿಯಲ್ಲಿ. ಹಳೆಯ ಪೇಪರು ಹಾಕಲು ಹೋದಾಗ, ಹಿಂದೆ ಕಾಲುವೆ ಕಟ್ಟಲು ಬಂದಿದ್ದ ಎಂಜಿನಿಯರುಗಳ ಕ್ಲಬ್ಬಿನ ಪುಸ್ತಕಗಳು ತಕ್ಕಡಿಯ ಪಕ್ಕ ಸರದಿಗೆ ಕಾದು ಕೂತಿದ್ದವು. ಒಂದನ್ನು ಎತ್ತಿದ, ಮೊಬೈಲಿನಲ್ಲಿ ಅದರ ಜಾತಕ ನೋಡಿದ, ಮೊದಲ ಮುದ್ರಣ ಎಂದು ತಿಳಿದು ತೂಕಕ್ಕೆ ಹಾಕುವ ಮೊದಲೇ ಕೊಂಡುಬಿಟ್ಟ. ಅವತ್ತಿನಿಂದ ಹೈದರಾಬಾದ್ ಬಸ್ಸಿನ ಕಂಡಕ್ಟರುಗಳೆಲ್ಲ ಅವನ ಏಜೆಂಟರಾದರು. ಭಾನುವಾರ ಅಲ್ಲಿನ ಫುಟ್‌ಪಾತಿನಲ್ಲಿ ಹರಡುವ ಹಳೆಯ ಪುಸ್ತಕಗಳಲ್ಲಿ ಹುಡುಕಿ, ಫೋಟೋ ತೆಗೆದು ಕಳಿಸಿ, ಹಣಮೇಶ ಹೂಂ ಅಂದರೆ ಟಿಕೆಟಿನ ಪೆಟ್ಟಿಗೆಯಲ್ಲಿಟ್ಟು ತಂದುಕೊಟ್ಟರು. ಒಳ್ಳೆಯ ಜನ. ಒಬ್ಬ ಮಾತ್ರ ಒಮ್ಮೆ ಇಂಗ್ಲಿಷಿನ ಅಡುಗೆ ಪುಸ್ತಕ ತಂದಿದ್ದ. ಅದನ್ನು ಚಂದ್ರಕಲಾ ಚಿತ್ರ ನೋಡಲು ಇಟ್ಟುಕೊಂಡಳು.

ಕಾದಂಬರಿಕಾರನ ಹೆಸರು ಅವಳ ನಾಲಿಗೆಗೆ ಒಗ್ಗಲಿಲ್ಲ. ಪ್ರತಿ ಹೊದಿಕೆಯ ಹಿಂಬದಿಗೂ ಅವನ ಫೋಟೋ ಇತ್ತು: ತಲೆಗೆ ಟೊಪ್ಪಿಗೆ, ಬಾಯಲ್ಲಿ ಚುಟ್ಟಾ, ಮುಖದಲ್ಲಿ ಬೀಗರ ಊಟದಲ್ಲಿ ಸಾರಿಗೆ ಉಪ್ಪು ಸಾಲದೆ ಹೋದ ಅಸಮಾಧಾನ. ಅವಳು ಟೊಪ್ಪಿಗಿ ಮಾವ ಎಂದು ಹೆಸರಿಟ್ಟಳು. ಓಣಿಗೆಲ್ಲ ಅದೇ ಆಯಿತು.

"ಮಾವ ಏನ ಬರದಾನ್ರಿ ಅದರಾಗ?" ಎಂದು ಒಮ್ಮೆ ಕೇಳಿದ್ದಳು.

"ಬಾಳ ಆಳ ಅದ, ನಿನಗ ತಿಳಿಯಂಗಿಲ್ಲ," ಅಂದಿದ್ದ ಹಣಮೇಶ. ನಿಜ ಹೇಳಬೇಕೆಂದರೆ ಆಳ ಅವನೂ ನೋಡಿರಲಿಲ್ಲ. ಅವನು ಇಂಗ್ಲಿಷಿನಲ್ಲೇ ಬಿ.ಎ. ಮಾಡಿದವನು, ಓದಲು ಬರುವುದಿಲ್ಲ ಎಂದಲ್ಲ. ಆದರೆ ಪೂರ್ತಿ ತೆರೆದರೆ ಪುಸ್ತಕದ ಬೆನ್ನು ಮುರಿಯುತ್ತದೆ ಎಂಬ ಹೆದರಿಕೆಯಿಂದ ಎರಡು ಬೆರಳಿನಷ್ಟೇ ತೆರೆದು, ಒಳಗೆ ಇಣುಕಿ, ಮುಚ್ಚಿಬಿಡುತ್ತಿದ್ದ. ಅಷ್ಟು ಸಂದಿಯಲ್ಲಿ ಎಂಥ ಆಳ ಕಂಡೀತು?

ಟೊಪ್ಪಿಗೆ ಮಾವ ಬರೆದದ್ದು ಒಟ್ಟು ಏಳು. ಇಲ್ಲದ್ದು ಒಂದೇ, ಅವನ ಮೊಟ್ಟಮೊದಲ ಕಾದಂಬರಿ. ಅದು ಇದ್ದದ್ದು ಹೈದರಾಬಾದಿನ ವಹಾಬ ಸಾಹೇಬರ ಹತ್ತಿರ. ಮೂಲತಃ ನಮ್ಮ ಗುರಮಿಠಕಲ್ಲಿನವರು. ಬ್ಯಾಂಕಿನಿಂದ ನಿವೃತ್ತರಾಗಿ, ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ಹಳೆಯ ಪುಸ್ತಕದವರ ವಾಟ್ಸಾಪ್ ಗುಂಪಿನಲ್ಲಿ ಪರಿಚಯ. ಒಂದು ದಿನ ಅವರೇ ಫೋನ್ ಮಾಡಿದರು.

"ಬೇಟಾ, ನಂದು ವಯಸ್ಸಾತು. ಪುಸ್ತಕ ಮಾರಂಗಿಲ್ಲ. ಯಾರ ಮನ್ಯಾಗ ಹುಳ ಬೀಳಂಗಿಲ್ಲೋ ಅಂಥ ಮನಿ ನೋಡಿ ಕೊಟ್ಟಬಿಡತೀನಿ. ನನ್ನ ಅರ್ಧ ಅಲಮಾರಿ ಹುಳಾ ತಿಂದು ಹೋದ್ವು. ನಮ್ಮ ಗುಂಪಿನ ರಾಯಚೂರಿನ ಮಹೇಶಕುಮಾರನೂ ಕೇಳಾಕತ್ತಾನ. ಶುಕ್ರವಾರ ಗೋಗಿ ದರ್ಗಾಕ್ಕ ಬರಾಂವ ಇದ್ದೀನಿ, ಮೊದಲು ನಿಮ್ಮ ಮನಿಗಿ ಬಂದು ನೋಡತೀನಿ."

"ನಮ್ಮ ಮನ್ಯಾಗ ಹುಳಾ? ಕನಸಿನ್ಯಾಗೂ ಇಲ್ರಿ ಸಾಹೇಬ್ರ," ಎಂದ ಹಣಮೇಶ.

ಫೋನ್ ಇಟ್ಟು, ಆ ಸಂಭ್ರಮಕ್ಕೆ ಕೈ ತೊಳೆದು, ಒರೆಸಿ, ಅಲಮಾರಿ ತೆರೆದು ನಾಲ್ಕನೆಯ ಪುಸ್ತಕ ಎತ್ತಿದ. ಅದರ ಅಡಿಯಿಂದ ಬೆಳ್ಳಗಿನದೊಂದು ಹುಳ ಹೊರಬಂದು, ಅವನನ್ನು ನೋಡಿ, ಅವಸರವೇನೂ ಇಲ್ಲದವರಂತೆ ಐದನೆಯ ಪುಸ್ತಕದೊಳಗೆ ಹೋಯಿತು.

ಚಂದ್ರಕಲಾ ಹಿಂದೆಯೇ ನಿಂತಿದ್ದಳು, ಕಾನೂನಿನ ಪ್ರಕಾರ ಒಂದು ಮಾರು ದೂರದಲ್ಲಿ. "ಮಾವಗ ಹುಳ ಹತ್ಯಾವಲ್ರಿ."

"ಇದು ಪುಸ್ತಕದ ಹುಳ, ಬ್ಯಾರೆ."

"ಬ್ಯಾಳಿ ಹುಳ ಆದ್ರೇನು, ಪುಸ್ತಕದ ಹುಳ ಆದ್ರೇನು, ಹೊಟ್ಟಿ ಎಲ್ಲಾದಕ್ಕೂ ಒಂದ ಅಲ್ಲೇನ್ರಿ? ಒಣ ಬೇವಿನ ಎಲಿ ಕೊಡತೀನಿ, ನಡುವ ನಡುವ ಇಡ್ರಿ."

"ಲಂಡನ್ನಿನ ಪುಸ್ತಕಕ್ಕ ಬೇವಿನ ಎಲಿ? ಅಲ್ಲಿ ಬೇವಿನ ಗಿಡ ಅದ ಏನು?"

"ಅಲ್ಲಿ ಇಲ್ಲದಿದ್ರ ಇಲ್ಲಿ ಅದಲ್ರಿ, ಬಾಗಲ ಮುಂದ."

ಇಲ್ಲಿ ಬೇಳೆಯ ಸಂಗತಿ ಹೇಳಬೇಕು. ಚಂದ್ರಕಲಾಳ ತವರು ಸಗರ. ಸುಗ್ಗಿ ಮುಗಿದ ಮೇಲೆ ತವರಿನ ಹೊಲದ ತೊಗರಿ ಬೇಳೆಯಾಗಿ ಮನೆಗೆ ಬರುತ್ತದೆ. ಅದಕ್ಕೆ ಅವಳು ಔಡಲೆಣ್ಣೆ, ಅಂದರೆ ಹರಳೆಣ್ಣೆ, ಹಚ್ಚಿ, ಕೈಯಿಂದ ಉಜ್ಜಿ ಉಜ್ಜಿ ಒಂದೊಂದು ಕಾಳೂ ಮಿಂಚುವಂತೆ ಮಾಡಿ, ಮಾಳಿಗೆಯ ಮೇಲೆ ಬಿಸಿಲಿಗೆ ಒಣಹಾಕಿ, ಡಬ್ಬಿಗಳಿಗೆ ತುಂಬುತ್ತಾಳೆ. ವರ್ಷವಿಡೀ ಹುಳದ ಸುದ್ದಿ ಇರುವುದಿಲ್ಲ. ಆ ಔಡಲೆಣ್ಣೆಯ ವಾಸನೆಗೆ ಮಾತ್ರ ಹಣಮೇಶ ಮೂಗಿಗೆ ಟವೆಲ್ ಕಟ್ಟಿಕೊಂಡು ತಿರುಗುತ್ತಿದ್ದ. ಈ ವಾಸನೆಯ ಮನೆಯಲ್ಲಿ ಇಂಗ್ಲೆಂಡು ಹೇಗೆ ಬಾಳೀತು ಎಂದು ಅವನ ಕೊರಗು. ಆ ವಾರವೂ ಬೇಳೆಗೆ ಎಣ್ಣೆ ಹಚ್ಚುವ ಕೆಲಸ ನಡೆದಿತ್ತು.

ಹಣಮೇಶ ಮೊಬೈಲಿಗೆ ಮೊರೆ ಹೋದ. ಅದರಲ್ಲಿ ಬಿಳಿ ಕೈಗವಸು ತೊಟ್ಟ ದೊರೆಸಾನಿಯೊಬ್ಬಳು, ಪುಸ್ತಕಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಬರ್ಫಿನಲ್ಲಿ ಇಟ್ಟರೆ ಹುಳ ಸಾಯುತ್ತವೆ ಎಂದು ತೋರಿಸಿಕೊಟ್ಟಳು. ಹಣಮೇಶ ಆರೂ ಪುಸ್ತಕಗಳನ್ನು ಬಟ್ಟೆ ಅಂಗಡಿಯ ಚೀಲಗಳಲ್ಲಿ ಹಾಕಿ, ಹಿಡಿಕೆಗೆ ಗಂಟು ಬಿಗಿದು, ಫ್ರಿಜ್ಜಿನ ಬರ್ಫಿನ ಪೆಟ್ಟಿಗೆಗೆ ತುರುಕಿದ.

"ಅಲ್ರಿ, ಬರ್ಫಿನ್ಯಾಗ ಪುಸ್ತಕಾ?"

"ವಿಜ್ಞಾನ ಅದು."

"ವಿಜ್ಞಾನ ಇಡಾಕ ನನ್ನ ಹಸಿಮೆಣಸಿನಕಾಯಿ ಯಾಕ ಹೊರಗ ತಗದ್ರಿ?"

ಹಸಿಮೆಣಸಿನಕಾಯಿ ವಿಜ್ಞಾನಕ್ಕಾಗಿ ತ್ಯಾಗ ಮಾಡಬೇಕಾಗುತ್ತದೆ ಎಂದು ಹಣಮೇಶ ಮೈಕಿನ ದನಿಯಲ್ಲಿ ಹೇಳಿ ಡ್ಯೂಟಿಗೆ ಹೋದ.

ಮರುದಿನ ಓಣಿಯಲ್ಲಿ ಲೈನಿನ ರಿಪೇರಿ. ಬೆಳಗ್ಗೆ ಹೋದ ಕರೆಂಟು ಹೊತ್ತು ಮುಳುಗಿದ ಮೇಲೆ ಬಂತು. ಹಣಮೇಶ ಫ್ರಿಜ್ಜು ತೆರೆದಾಗ ಬರ್ಫೆಲ್ಲ ಕರಗಿ, ಗಂಟಿನ ಸಂದಿಯಿಂದ ಇಳಿದು, ಚೀಲಗಳ ತಳದಲ್ಲಿ ಕೂತಿತ್ತು. ಪುಸ್ತಕಗಳ ಅಂಚು ಕರಿದ ಹಪ್ಪಳದಂತೆ ಅಲೆಅಲೆಯಾಗಿ ಎದ್ದಿತ್ತು. ಹುಳ ಸತ್ತಿದ್ದವೋ ಇಲ್ಲವೋ, ಒಂದಂತೂ ತಂಪಾಗಿ ಚೀಲದ ಮೇಲೆ ಹರಿದಾಡುತ್ತಿತ್ತು.

ಅವನು ಹೆಂಡತಿಗೆ ಹೇಳಲಿಲ್ಲ. ಹೇಳಿದ್ದರೆ ಮುಂದಿನದೇನೂ ಆಗುತ್ತಿರಲಿಲ್ಲ. ಆದರೆ ಹೇಳಬೇಕಾದರೆ ಬೇವಿನ ಎಲೆಯ ಮಾತು ಮತ್ತೆ ಬರುತ್ತಿತ್ತು.

ಗುರುವಾರ ಬೆಳಗ್ಗೆ, ಚಂದ್ರಕಲಾ ಎಣ್ಣೆ ಹಚ್ಚಿದ ಬೇಳೆಯನ್ನು ಮಾಳಿಗೆಯ ಮೇಲೆ ಧೋತರದಲ್ಲಿ ಹರಡಿ ರೊಟ್ಟಿ ಬಡಿಯಲು ಕೆಳಗಿಳಿದಳು. ಅವಳು ಇಳಿದದ್ದೇ ತಡ, ಹಣಮೇಶ ಪುಸ್ತಕಗಳನ್ನು ಅಂಗಿಯೊಳಗೆ ಮುಚ್ಚಿಕೊಂಡು ಹತ್ತಿದ. ಇನ್ನೊಂದು ಧೋತರದ ಮೇಲೆ ಆರನ್ನೂ ಡೇರೆಯಂತೆ ನಿಲ್ಲಿಸಿದ. ಟೊಪ್ಪಿಗೆ ಮಾವ ಆರು ಕಡೆಯಿಂದ ಶಹಾಪುರದ ಗುಡ್ಡ ನೋಡುತ್ತ ಬಿಸಿಲು ಕಾಯಿಸಿದ. ಹಣಮೇಶ ಕೊಡೆ ಹಿಡಿದು ಕಾವಲು ಕೂತ. ಕೂತು ಇನ್ನೂ ಬೆವರು ಆರಿರಲಿಲ್ಲ, ನಿಲ್ದಾಣದಿಂದ ಫೋನ್ ಬಂತು. ಯಾದಗಿರಿಯ ಬಸ್ಸೊಂದು ಗೇಟಿನಲ್ಲೇ ಅಡ್ಡಡ್ಡ ಕೆಟ್ಟು ನಿಂತು, ಒಳಗಿನವು ಹೊರಗೆ, ಹೊರಗಿನವು ಒಳಗೆ ಬರದಂತಾಗಿತ್ತು. ಅವನು ಓಡಿದ. ಓಡುವಾಗಲೂ ಹೆಂಡತಿಗೆ ಒಂದು ಮಾತು ಹೇಳಲಿಲ್ಲ.

ಆ ಬಸ್ಸನ್ನು ನೂಕಿಸುತ್ತ ನಿಂತಾಗಲೇ ಅವನ ಕೈಮೇಲೆ ದಪ್ಪನೆಯ ಹನಿಯೊಂದು ಬಿತ್ತು. ಬೇಸಿಗೆಯ ಬಾಗಿಲಲ್ಲಿ, ಮೋಡದ ಸುಳಿವೂ ಇಲ್ಲದ ಕಡೆಯಿಂದ ಮಳೆ.

ನಮ್ಮ ಕಡೆ ಮಳೆ ಬಂದರೆ, ಮಾಳಿಗೆಯ ಮೇಲೆ ಒಣಗಿದ್ದು ಯಾರದು ಎಂದು ಕೇಳುವ ರೂಢಿ ಇಲ್ಲ. ಹತ್ತಿರ ಇದ್ದವರು ಓಡಿ ಹೋಗಿ ಗಂಟು ಕಟ್ಟುತ್ತಾರೆ. ಪಕ್ಕದ ಮನೆಯ ಸರ್ವರಬೇಗಂ ಹತ್ತಿರ ಇದ್ದಳು. ಎರಡು ಮಾಳಿಗೆಗಳ ನಡುವೆ ಇರುವುದು ಮೊಣಕಾಲೆತ್ತರದ ಗೋಡೆ. ಹೋದ ರಮಜಾನಿಗೆ ಅವಳ ಶಾವಿಗೆಯನ್ನು ಇದೇ ಥರ ಚಂದ್ರಕಲಾ ಉಳಿಸಿಕೊಟ್ಟಿದ್ದಳು. ಆ ಋಣ ತೀರಿಸುವ ಹೊತ್ತು ಬಂತೆಂದು ಬೇಗಂ ಗೋಡೆ ದಾಟಿದಳು.

ಹಣಮೇಶ ನೆಂದು ಮನೆಗೆ ಬಂದಾಗ ಪಡಸಾಲೆಯ ನಡುವೆ ದೊಡ್ಡದೊಂದು ಗಂಟು ಕೂತಿತ್ತು. ಒಂದು ಪಕ್ಕ ಚಂದ್ರಕಲಾ, ಇನ್ನೊಂದು ಪಕ್ಕ ಬೇಗಂ, ಕೈಯಲ್ಲಿ ಚಹಾ.

"ಅಣ್ಣಾ, ಒಂದ ಕಾಳಿಗೂ ಹನಿ ತಾಗಿಲ್ಲ," ಎಂದಳು ಬೇಗಂ. "ನಿಮ್ಮ ಪುಸ್ತಕಾನೂ ಬಿಟ್ಟಿಲ್ಲ. ನೆನೀಬಾರದಂತ ಬ್ಯಾಳಿ ನಟ್ಟನಡುಕ ಇಟ್ಟು ಬಿಗಿದ ಕಟ್ಟೀನಿ."

ಹಣಮೇಶ ನೆಂದ ಬಟ್ಟೆಯಲ್ಲೇ ಕೆಳಗೆ ಕೂತ. ಗಂಟು ಬಿಚ್ಚಿದ. ಬೇಳೆಯ ರಾಶಿಯಿಂದ ಟೊಪ್ಪಿಗೆ ಮಾವ ಒಬ್ಬೊಬ್ಬನಾಗಿ ಎದ್ದು ಬಂದ. ಹಬ್ಬದ ದಿನ ಎಣ್ಣೆ ಹಚ್ಚಿಸಿಕೊಂಡು ಮಣೆಯ ಮೇಲೆ ಕೂತವನಂತೆ ಅವನ ಮುಖ ಲಕಲಕ ಹೊಳೆಯುತ್ತಿತ್ತು. ಟೊಪ್ಪಿಗೆ ಪಾರದರ್ಶಕವಾಗಿ ಅದರ ಹಿಂದಿನ ಅಕ್ಷರ ಕಾಣುತ್ತಿತ್ತು.

ಬೈಯಲು ಬಾಯಿ ತೆರೆದ. ಎದುರಿಗೆ ಇನ್ನೂ ಸೆರಗು ಹಿಂಡದೆ ಕೂತ ಬೇಗಂ. ನಾಲ್ಕು ತಾಲೂಕಿಗೆ ಕೇಳುವ ಆ ದನಿಯಿಂದ ಬಂದದ್ದು ಇಷ್ಟೇ: "ಬಾಳ ಉಪಕಾರ ಆತು, ಅಕ್ಕಾ."

"ಪುಸ್ತಕ ಮಾಳಗಿ ಮ್ಯಾಲ ಯಾಕ ಹ್ವಾದ್ವು ಅಂತ ನಾ ಕೇಳಂಗಿಲ್ಲ," ಎಂದಳು ಚಂದ್ರಕಲಾ. "ಫ್ರಿಜ್ಜಿನ ಕೆಳಗ ನೀರು ಒರಸಿದಾಗನ ತಿಳೀತು. ಈಗ ಏನ ಮಾಡೂದು ಹೇಳ್ರಿ."

"ನಾಳೆ ಸಾಹೇಬ್ರು ಬರ್ತಾರ. ಏಳನೇದು ಹೋತು ನಂದು. ರಾಯಚೂರಿನಂವ ಕುಣೀತಾನ."

ಅಳುವವನಂತಿದ್ದ. ಚಂದ್ರಕಲಾ ಚಹಾ ಬದಿಗಿಟ್ಟು ಒಂದು ಪುಸ್ತಕ ಎತ್ತಿಕೊಂಡಳು. ಎಷ್ಟಾದರೂ ಗಂಡ, ಅದರಲ್ಲೂ ಕುಡಿತ ಇಸ್ಪೀಟು ಇಲ್ಲದೆ ಕಾಗದಕ್ಕೆ ಮರುಳಾದವನು. ಮುಖಕ್ಕೆ ಹಾಕುವ ಪೌಡರು ಎಣ್ಣೆ ಹೀರುತ್ತದೆ ಎಂದಳು ಬೇಗಂ. ಜೋಳದ ಹಿಟ್ಟು ಇನ್ನೂ ಚಲೋ ಎಂದಳು ಚಂದ್ರಕಲಾ. ವಿಜ್ಞಾನ ಸೋತು ಕೂತಿದ್ದರಿಂದ ಎರಡೂ ಆಯಿತು. ಮೂವರೂ ಕೂತು ಹೊದಿಕೆಗಳಿಗೆ ಹಿಟ್ಟು ಉದುರಿಸಿದರು, ಪೌಡರು ಉದುರಿಸಿದರು, ಬಟ್ಟೆಯಿಂದ ಒತ್ತಿದರು, ಮೇಲೆ ಬೀಸುಕಲ್ಲು ಇಟ್ಟರು. ಹೊತ್ತು ಇಳಿಯುವಷ್ಟರಲ್ಲಿ ಎಣ್ಣೆ ಅರ್ಧ ಹೋಗಿತ್ತು. ಹೊಳಪು ಹೋಗಿ ಮಾವ ಕಾಯಿಲೆಯಿಂದ ಎದ್ದವನಂತಾಗಿದ್ದ. ಅಲಮಾರಿ ತೆರೆದರೆ ಔಡಲೆಣ್ಣೆ ಹಚ್ಚಿ, ಮೀಸಿ, ಪೌಡರು ಹಾಕಿ ತೊಟ್ಟಿಲಲ್ಲಿ ಮಲಗಿಸಿದ ಕೂಸಿನ ವಾಸನೆ.

ಶುಕ್ರವಾರ ವಹಾಬ ಸಾಹೇಬರ ಬಸ್ಸು ಬಂದದ್ದನ್ನು ಹಣಮೇಶನೇ ಮೈಕಿನಲ್ಲಿ ಸಾರಬೇಕಾಯಿತು. ದನಿ ನಡುಗಿತು. ಹೈದರಾಬಾದ್ ಬಸ್ಸಿಗೆ ಏನೋ ಕೆಟ್ಟದ್ದಾಗಿದೆ ಎಂದು ನಾಲ್ಕು ಜನ ಎದ್ದು ನೋಡಿದರು.

ಸಾಹೇಬರು ಸಣ್ಣ ಆಳು, ಬಿಳಿ ಗಡ್ಡ, ಬಗಲಲ್ಲಿ ಬಟ್ಟೆಯ ಚೀಲ. ಏಳನೆಯ ಪುಸ್ತಕ ಆ ಚೀಲದಲ್ಲಿದೆ ಎಂದು ಹಣಮೇಶ ಅದರಿಂದ ಕಣ್ಣು ಕೀಳಲಿಲ್ಲ. ಮನೆಗೆ ಬಂದ ಮೇಲೆ ಅವನು ಅಲಮಾರಿಗೆ ಅಡ್ಡ ನಿಂತ.

"ನಮ್ಮಲ್ಲಿ ಒಂದು ಕಾನೂನು ಅದ ಸಾಹೇಬ್ರ. ಒಂದು ಮಾರು ದೂರದಿಂದ ನೋಡಬೇಕು."

"ಬಾಳ ಚಲೋ ಕಾನೂನು. ಆದ್ರ ನನಗ ಕಣ್ಣು ಕಾಣಂಗಿಲ್ಲ ಬೇಟಾ, ಜರಾ ತಗೀ."

ತೆಗೆದ. ಕೂಸಿನ ವಾಸನೆ ಪಡಸಾಲೆ ತುಂಬಿತು. ಸಾಹೇಬರು ಮೂಗು ಮೇಲೆತ್ತಿದರು. ಮೂರನೆಯ ಪುಸ್ತಕ ಎತ್ತಿಕೊಂಡು, ಹಣಮೇಶ ತಡೆಯುವುದರೊಳಗೆ ಪೂರ್ತಿ ತೆರೆದರು. ಬೆನ್ನಿನ ಸಂದಿಯಿಂದ ಒಂದು ಬೇಳೆ ಉದುರಿ, ಫರಶಿಯ ಮೇಲೆ ಟಣ್ ಎಂದು ಪುಟಿಯಿತು. ಅದರ ಹಿಂದೆ ಇನ್ನೊಂದು. ಆಮೇಲೆ ಒಂದು ಸಣ್ಣ ಮುಷ್ಟಿಯಷ್ಟು.

ಹಣಮೇಶನಿಗೆ ರಾಯಚೂರಿನಲ್ಲಿ ಮಹೇಶಕುಮಾರ ನಗುವುದು ಇಲ್ಲಿಗೇ ಕೇಳಿಸಿತು.

ಸಾಹೇಬರು ಬಗ್ಗಿ ಒಂದು ಬೇಳೆ ಎತ್ತಿಕೊಂಡರು. ಮೂಸಿದರು. ಬಾಯಿಗೆ ಹಾಕಿ ಕಟಕ್ಕನೆ ಕಡಿದರು.

"ಔಡಲೆಣ್ಣಿ," ಎಂದರು. "ನಮ್ಮ ಅಮ್ಮಿ ಹಚ್ತಿದ್ಲು. ಇದು ಯಾರ ಕೈಯಿಂದು?"

"ನಂದ್ರಿ ಕಾಕಾ," ಎಂದಳು ಬಾಗಿಲಲ್ಲಿ ನಿಂತ ಚಂದ್ರಕಲಾ.

"ಹುಳ ಬೀಳಂಗಿಲ್ಲ?"

"ಹ್ವಾದ ವರ್ಷದ್ದು ಒಂದು ಡಬ್ಬಿ ಇನ್ನೂ ಅದ. ನೋಡ್ತೀರೇನ್ರಿ?"

ಸಾಹೇಬರು ಅಡುಗೆಮನೆಗೆ ಹೋದರು. ಡಬ್ಬಿಯೊಳಗೆ ಮೊಣಕೈತನಕ ಕೈ ಹಾಕಿ, ತಳದ ಬೇಳೆ ತೆಗೆದು, ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಹೈದರಾಬಾದಿನಲ್ಲಿ ತಂದ ಪಾಕೀಟಿನ ಬೇಳೆಯಲ್ಲಿ ತಿಂಗಳು ತುಂಬುವುದರೊಳಗೆ ಹುಳ ಆಗುವುದನ್ನು ಬಹಳ ಹೊತ್ತು ವರ್ಣಿಸಿದರು. ಅಷ್ಟರಲ್ಲಿ ಹಣಮೇಶನೂ ಹಿಂದೆ ಬಂದು ನಿಂತಿದ್ದ.

"ಪುಸ್ತಕ ಯಾಕ ನೆಂದಾವ ಬೇಟಾ?"

"ಅದು ಸಾಹೇಬ್ರ, ಈ ಕಡೆ ಹವಾ ಸ್ವಲ್ಪ…"

"ಫ್ರಿಜ್ಜಿನಾಗ ಇಟ್ಟಿದ್ರು," ಎಂದಳು ಚಂದ್ರಕಲಾ.

ಸಾಹೇಬರು ಹಣಮೇಶನನ್ನು ಮೇಲಿಂದ ಕೆಳಗೆ ನೋಡಿದರು. "ಓದಿದಿ ಏನು ಇವನ್ನ?"

"ಹೊದಿಕಿ ಓದೀನ್ರಿ," ಎಂದ ಹಣಮೇಶ. ಸುಳ್ಳು ಹೇಳುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ.

ಸಾಹೇಬರು ಗಡ್ಡ ಸವರಿಕೊಂಡರು. ಚೀಲದಿಂದ ಬಿಳಿ ಬಟ್ಟೆಯಲ್ಲಿ ಸುತ್ತಿದ್ದ ಏಳನೆಯ ಪುಸ್ತಕ ಹೊರತೆಗೆದರು. ಹಣಮೇಶನ ಎರಡೂ ಕೈ ತಾವಾಗಿಯೇ ಮುಂದೆ ಹೋದವು. ಪುಸ್ತಕ ಆ ಕೈಗಳನ್ನು ದಾಟಿ ಚಂದ್ರಕಲಾಳ ಕೈಗೆ ಹೋಯಿತು.

"ಹುಳ ಬೀಳದ ಮನಿ ಹುಡುಕಾಕತ್ತಿದ್ದೆ. ಸಿಕ್ತು. ಆದ್ರ ಅದು ಪಡಸಾಲ್ಯಾಗ ಇಲ್ಲ, ಇಲ್ಲಿ ಅದ. ತಗೋ ಬೇಟಿ, ಇದು ನಿಂದು. ಬದಲಿಗಿ ನಾ ಇರೂತನಕ ವರ್ಷಾ ಒಂದು ಡಬ್ಬಿ ಬ್ಯಾಳಿ ಹೈದ್ರಾಬಾದಿಗಿ ಬರಬೇಕು. ತರಾಕ ನಿನ್ನ ಗಂಡನ ಕಂಡಕ್ಟರ್ ಅದಾರ."

"ನನಗ ಇಂಗ್ಲಿಷ್ ಬರಂಗಿಲ್ರಿ ಕಾಕಾ."

"ಅವಗ ಬರ್ತದಲ್ಲ, ಏನ ಆತು? ಎಣ್ಣಿ ಒಂದು ಹಚ್ಚಬ್ಯಾಡ."

"ಎಣ್ಣಿ ಬ್ಯಾಳಿಗಷ್ಟರಿ. ಪುಸ್ತಕಕ್ಕ ಒಣ ಬೇವಿನ ಎಲಿ. ಅಷ್ಟು ಗೊತ್ತದ ನನಗ."

ಸಾಹೇಬರು ರೊಟ್ಟಿ, ಬೇಳೆ ಪಲ್ಯ ಉಂಡು, ಬೇಳೆಯ ಡಬ್ಬಿ ಬಗಲಿಗಿಟ್ಟುಕೊಂಡು ಗೋಗಿಯ ಬಸ್ಸು ಹತ್ತಿದರು. ಅದನ್ನೂ ಹಣಮೇಶನೇ ಸಾರಿ ಕಳಿಸಿದ. ಲಂಡನ್ನಿನಲ್ಲಿ ಹುಟ್ಟಿ, ಸಮುದ್ರ ದಾಟಿ ಬಂದ ಟೊಪ್ಪಿಗೆ ಮಾವನ ಚೊಚ್ಚಲ ಕಾದಂಬರಿ ಹೀಗೆ ಸಗರದ ತೊಗರಿಬೇಳೆಗೆ ಬದಲಿಯಾಯಿತು. ಮಹೇಶಕುಮಾರನಿಗೆ ಯಾರೂ ಬೇಳೆಯ ವಿಷಯ ಹೇಳಲಿಲ್ಲ.

ಸಂಜೆ ಮನೆಗೆ ಬಂದ ಹಣಮೇಶ ಅಲಮಾರಿಯ ಮುಂದೆ ನಿಲ್ಲದೆ ನೇರ ಅಡುಗೆಮನೆಗೆ ಹೋದ. ಒಲೆಯ ಪಕ್ಕದ ಹಲಗೆಯ ಮೇಲೆ, ಬೇಳೆಯ ಡಬ್ಬಿಗಳ ಸಾಲಿನಲ್ಲಿ, ಹೊಸದೊಂದು ಸ್ಟೀಲಿನ ಡಬ್ಬಿ ಮುಚ್ಚಳ ಬಿಗಿದು ಕೂತಿತ್ತು.

"ಒಂದ ಸಲ ತೋರಸ್ತಿ ಏನು?" ಎಂದ. ಮೈಕಿನ ದನಿ ಎಲ್ಲೋ ಬಿದ್ದು ಹೋಗಿತ್ತು.

ಚಂದ್ರಕಲಾ ರೊಟ್ಟಿ ಬಡಿಯುತ್ತಿದ್ದವಳು ತಿರುಗಿ ನೋಡಲಿಲ್ಲ. "ಕೈ ತೊಳಕೊಂಡ್ರೇನ್ರಿ?"

ಹಣಮೇಶ ಬಚ್ಚಲಿಗೆ ಹೋಗಿ ಕೈ ತೊಳೆದು ಬಂದ.

"ಒರಸಿಕೊಂಡ್ರೇನು?"

ಲುಂಗಿಗೆ ಒರೆಸಿಕೊಂಡ.

ಅವಳು ಹಿಟ್ಟಿನ ಕೈ ತೊಳೆದು, ಸೆರಗಿಗೆ ಒರೆಸಿ, ಡಬ್ಬಿ ಇಳಿಸಿ ಮುಚ್ಚಳ ತೆಗೆದಳು. ಅವನು ಮುಂದೆ ಬಂದ.

"ಅಲ್ಲೇ ನಿಂದ್ರಿ. ಒಂದು ಮಾರು."

ನಿಂತ. ಅವಳು ಡಬ್ಬಿಯನ್ನು ಅವನ ಕಡೆ ಸ್ವಲ್ಪ ವಾಲಿಸಿದಳು. ಬೇವಿನ ಎಲೆಗಳ ನಡುವಿನಿಂದ ಟೊಪ್ಪಿಗೆ ಮಾವ, ಇನ್ನೂ ಕರಿಗೂದಲಿನ ಹುಡುಗ, ಹಣಮೇಶನನ್ನು ನೋಡಿದ. ಈ ಫೋಟೋದಲ್ಲಿ ಅವನ ಮುಖದಲ್ಲಿ ಅಸಮಾಧಾನ ಇರಲಿಲ್ಲ. ನಗು ತಡೆದುಕೊಂಡವನಂತಿದ್ದ.

"ನೋಡಿದ್ರಲ್ಲ?" ಎಂದು ಚಂದ್ರಕಲಾ ಮುಚ್ಚಳ ಬಿಗಿದಳು. "ಮುಟ್ಟಾಕಿ ನಾ ಒಬ್ಬಾಕಿ. ಡಬ್ಬಿ ಮ್ಯಾಲಿನ ಧೂಳ ಒರಸೂದು ಮಾತ್ರ ನಿಮಗ ಬಿಟ್ಟೀನಿ."